ತಾತ್ಕಾಲಿಕ ಗವರ್ನರ್ ವಿಲಿಯಂ ಹೋಲ್ಡನ್: ಎರಡು ಸಲ ಕುರ್ಚಿ ಏರಿದ, ಎರಡು ಸಲವೂ ಇಳಿಸಿದರು

ಶರಾವತಿ ತೀರ:

ಅಮೆರಿಕದ ಅಂತರ್ಯುದ್ಧದ ಬಗ್ಗೆ ಈ ಚರ್ಚಾ ವೇದಿಕೆಯಲ್ಲಿ ಸಾಕಷ್ಟು ಮಾತಾಗಿದೆ. ಲಿಂಕನ್, ಗ್ರಾಂಟ್, ಲೀ, ಗೆಟಿಸ್‌ಬರ್ಗ್ ಎಲ್ಲ ಬಂದು ಹೋಗಿವೆ. ಯುದ್ಧ ನಿಂತ ಮೇಲೆ ಏನಾಯಿತು ಅನ್ನೋದನ್ನು ಮಾತ್ರ ಯಾರೂ ಎತ್ತಿಲ್ಲ. ಸೋತ ರಾಜ್ಯದಲ್ಲಿ ಸರ್ಕಾರವೇ ಇಲ್ಲ. ಹಳೆಯ ಗವರ್ನರ್ ಜೈಲಿನಲ್ಲಿದ್ದಾನೆ. ಜನರ ಕೈಯಲ್ಲಿರುವ ಕಾನ್ಫೆಡರೇಟ್ (ಒಕ್ಕೂಟ ಬಿಟ್ಟ ದಕ್ಷಿಣದ ರಾಜ್ಯಗಳ ಸರ್ಕಾರ) ನೋಟಿಗೆ ಬೆಲೆ ಇಲ್ಲ. ಅಂಥ ಊರಿಗೆ ವಾಷಿಂಗ್ಟನ್‌ನಿಂದ ಒಂದು ಆದೇಶ ಬರುತ್ತದೆ, ಇವತ್ತಿನಿಂದ ಇಂಥವನೇ ತಾತ್ಕಾಲಿಕ ಗವರ್ನರ್ ಅಂತ. ಆ ಮನುಷ್ಯನ ಬದುಕು ಹೇಗಿದ್ದಿರಬಹುದು?

1865ರ ಬೇಸಿಗೆಯಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಹೀಗೆ ಏಳು ರಾಜ್ಯಗಳಿಗೆ ಏಳು ಜನರನ್ನು ನೇಮಿಸಿದ. ಮೇ 29ರಂದು ಮೊದಲ ಆದೇಶ ಸಿಕ್ಕಿದ್ದು ನಾರ್ತ್ ಕ್ಯಾರೊಲಿನಾದ ವಿಲಿಯಂ ವುಡ್ಸ್ ಹೋಲ್ಡನ್‌ಗೆ. ಉಳಿದ ಆರು ರಾಜ್ಯಗಳಿಗೂ ಅದೇ ಮಾದರಿ. ಅದಕ್ಕೇ ಅವನಿಂದ ಶುರು ಮಾಡುತ್ತೇನೆ.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ನಮ್ಮಲ್ಲಿ ರಾಜ್ಯಪಾಲರನ್ನು ಕೇಂದ್ರ ಕಳಿಸುತ್ತದೆ. ಅಮೆರಿಕದಲ್ಲಿ ಗವರ್ನರ್ ಅಂದರೆ ಜನ ಮತ ಹಾಕಿ ಆರಿಸಿದ ನಾಯಕ, ನಮ್ಮ ಮುಖ್ಯಮಂತ್ರಿಯ ಜಾಗ ಅದು. ಆ ಜಾಗಕ್ಕೆ ಮೇಲಿನಿಂದ ಒಬ್ಬನನ್ನು ಇಳಿಸಿದ್ದು ಅಲ್ಲಿನವರಿಗೆ ತೀರಾ ಹೊಸದು. ಹೋಲ್ಡನ್‌ಗೆ ಸಂಬಳ ಕೂಡ ರಾಜ್ಯದಿಂದ ಬರುತ್ತಿರಲಿಲ್ಲ, ಕೇಂದ್ರದ ಯುದ್ಧ ಇಲಾಖೆ ಕೊಡುತ್ತಿತ್ತು.

ಈತ ಹುಟ್ಟಿದ್ದು 1818ರಲ್ಲಿ, ಹಿಲ್ಸ್‌ಬರೋ ಹತ್ತಿರ. ತಂದೆ ತಾಯಿ ಮದುವೆ ಆಗಿರಲಿಲ್ಲ. ಆ ಕಾಲದ ದಕ್ಷಿಣದಲ್ಲಿ ಇದು ಸಾಯೋತನಕ ಅಂಟಿಕೊಳ್ಳುವ ಮಾತು. ಹತ್ತು ವರ್ಷದ ಹುಡುಗನಾಗಿದ್ದಾಗಲೇ ಡೆನಿಸ್ ಹಾರ್ಟ್ ಎಂಬ ಪತ್ರಿಕೆಯವನ ಅಚ್ಚುಕೂಟಕ್ಕೆ ಕೆಲಸ ಕಲಿಯಲು ಸೇರಿದ. ಮೊಳೆ ಜೋಡಿಸುತ್ತಾ ಅಕ್ಷರ ಕಲಿತ, ಭಾಷೆ ಕಲಿತ, ರಾಜಕೀಯವನ್ನೂ ಕಲಿತ. ಆಮೇಲೆ ರಾಜಧಾನಿ ರಾಲಿಗೆ ಹೋದ. 1841ರಲ್ಲಿ ವಕೀಲಿಕೆಗೆ ಪರವಾನಗಿ ಪಡೆದ. 1843ರಲ್ಲಿ ನಾರ್ತ್ ಕ್ಯಾರೊಲಿನಾ ಸ್ಟ್ಯಾಂಡರ್ಡ್ ಪತ್ರಿಕೆ ಅವನ ಕೈಗೆ ಬಂತು. ಅಲ್ಲಿಯವರೆಗೆ ವಿಗ್ ಪಕ್ಷದ ಕಡೆ ಇದ್ದವನು ಅಂದಿನಿಂದ ಡೆಮಾಕ್ರಟ್ ಆದ. ಆ ಪತ್ರಿಕೆಯಿಂದಲೇ ರಾಜ್ಯದಲ್ಲಿ ಆ ಪಕ್ಷವನ್ನು ಬೆಳೆಸಿದ. 1858ರಲ್ಲಿ ಗವರ್ನರ್ ಅಭ್ಯರ್ಥಿ ಆಗಬೇಕು ಅಂತ ಕೇಳಿದಾಗ ಪಕ್ಷದ ದೊಡ್ಡಮನೆತನದವರು ಇವನನ್ನು ಬಿಟ್ಟು ಜಾನ್ ಎಲ್ಲಿಸ್‌ಗೆ ಟಿಕೆಟ್ ಕೊಟ್ಟರು. ಆ ಗಾಯ ಅವನಿಗೆ ಮಾಯಲೇ ಇಲ್ಲ ಅಂತ ನನಗೆ ಅನ್ನಿಸುತ್ತದೆ.

ಯುದ್ಧ ಬಂತು. 1861ರ ಮೇ 20ರಂದು ಒಕ್ಕೂಟ ಬಿಡುವ ನಿರ್ಣಯಕ್ಕೆ ಇವನೂ ಸಹಿ ಹಾಕಿದ. ಎರಡು ವರ್ಷ ಕಳೆಯುವಷ್ಟರಲ್ಲಿ ಮನಸ್ಸು ಬದಲಾಯಿತು. 1863ರಿಂದ ಪತ್ರಿಕೆಯಲ್ಲಿ ಶಾಂತಿ ಮಾತುಕತೆ ಬೇಕು ಅಂತ ಬರೆಯತೊಡಗಿದ. ಆ ಸೆಪ್ಟೆಂಬರ್‌ನಲ್ಲಿ ರಾಲಿ ಮೂಲಕ ಹೋಗುತ್ತಿದ್ದ ಜಾರ್ಜಿಯಾದ ಸೈನಿಕರು ಅವನ ಅಚ್ಚುಕೂಟಕ್ಕೆ ನುಗ್ಗಿ ಹಾಳು ಮಾಡಿದರು. ಮರುದಿನ ಅವನ ಬೆಂಬಲಿಗರು ಎದುರಾಳಿ ಪತ್ರಿಕೆ ಸ್ಟೇಟ್ ಜರ್ನಲ್‌ನ ಕಚೇರಿಯನ್ನು ಪುಡಿ ಮಾಡಿದರು. 1864ರಲ್ಲಿ ಶಾಂತಿಯ ಹೆಸರಲ್ಲಿ ಗವರ್ನರ್ ಜೆಬ್ಯುಲನ್ ವ್ಯಾನ್ಸ್ ವಿರುದ್ಧ ನಿಂತು ದೊಡ್ಡ ಅಂತರದಲ್ಲಿ ಸೋತ. ಹತ್ತರಲ್ಲಿ ಎಂಟು ಮತ ವ್ಯಾನ್ಸ್‌ಗೆ ಬಿತ್ತು.

ಅಂದರೆ ಜನ ಬೇಡ ಅಂದು ಒಂದು ವರ್ಷವೂ ಆಗಿರಲಿಲ್ಲ. ಅದೇ ಮನುಷ್ಯನನ್ನು ಜಾನ್ಸನ್ ಅದೇ ಜನರ ಮೇಲೆ ಕೂರಿಸಿದ. ಇಲ್ಲಿಂದ ಮುಂದಿನ ಏಳು ತಿಂಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. 1871ರಲ್ಲಿ ಅವನಿಗೆ ಬಿದ್ದ ಪೆಟ್ಟಿನ ಬೇರು ಈ ಏಳು ತಿಂಗಳಲ್ಲೇ ಇದೆ ಅನ್ನೋದು ನನ್ನ ನಂಬಿಕೆ.

ಬಳ್ಳಾರಿ ಬಿಸಿಲು:

ಒಳ್ಳೆಯ ವಿಷಯ ಎತ್ತಿದ್ದೀರಿ ಸರ್. ಆದರೆ ಈತನನ್ನು ನೊಂದ ಜೀವ ಅಂತ ನೋಡಲು ನನಗೆ ಮನಸ್ಸು ಒಪ್ಪುತ್ತಿಲ್ಲ. ನೀವೇ ಬರೆದಿರೋದನ್ನು ನೋಡಿ. ಮೊದಲು ವಿಗ್, ಆಮೇಲೆ ಡೆಮಾಕ್ರಟ್. ಐವತ್ತರ ದಶಕದಲ್ಲಿ ಒಕ್ಕೂಟ ಬಿಡೋದು ರಾಜ್ಯಗಳ ಹಕ್ಕು ಅಂತ ಬರೆದವನು. 1860ರಲ್ಲಿ ಬೇಡ ಅಂದ. 1861ರಲ್ಲಿ ಸಹಿ ಹಾಕಿದ. 1863ರಲ್ಲಿ ಶಾಂತಿ ಅಂದ. ಗಾಳಿ ಬಂದ ಕಡೆ ತೂರಿಕೊಂಡವನು ಅಲ್ವಾ? ಸ್ವಂತ ಪತ್ರಿಕೆ ಇದ್ದವನು ಹೀಗೆ ತಿರುಗಿದರೆ ಅವನನ್ನು ನಂಬಿ ಓದಿದ ಸಾವಿರಾರು ಜನರ ಗತಿ ಏನು?

ಶರಾವತಿ ತೀರ:

ಪಕ್ಷ ಬದಲಿಸಿದ್ದು ನಿಜ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ 1863ರ ತಿರುವಿನಲ್ಲಿ ಅವನಿಗೆ ಲಾಭ ಏನೂ ಇರಲಿಲ್ಲ. ಅಚ್ಚುಕೂಟ ಹೋಯಿತು, ಜೀವಕ್ಕೇ ಅಪಾಯ ಇತ್ತು, ಚುನಾವಣೆಯೂ ಸೋತ. ನಾರ್ತ್ ಕ್ಯಾರೊಲಿನಾದಲ್ಲಿ ಆಗ ಕಡ್ಡಾಯ ಸೇನಾ ಭರ್ತಿಯಿಂದ ಬಡ ರೈತರ ಮನೆಗಳು ಖಾಲಿಯಾಗಿದ್ದವು. ಗುಲಾಮರನ್ನು ಇಟ್ಟುಕೊಂಡ ದೊಡ್ಡ ಜಮೀನ್ದಾರರಿಗೆ ಭರ್ತಿಯಿಂದ ವಿನಾಯಿತಿ ಇತ್ತು. ಬಡವರ ಆ ಸಿಟ್ಟಿಗೆ ದನಿ ಕೊಟ್ಟವನು ಹೋಲ್ಡನ್. ಅದನ್ನು ಬರೀ ಅವಕಾಶವಾದ ಅಂತ ತಳ್ಳಿಹಾಕೋದು ಸರಿಯಲ್ಲ.

ರಾಲಿ ಕನ್ನಡತಿ:

ನಾನು ರಾಲಿ ಪಕ್ಕದ ಕೇರಿ (Cary) ಎಂಬ ಊರಿನಲ್ಲಿದ್ದೇನೆ. ರಿಸರ್ಚ್ ಟ್ರಯಾಂಗಲ್ ಕಂಪನಿಗಳ ಕಾರಣಕ್ಕೆ ಈ ಕಡೆ ಕನ್ನಡದವರು ತುಂಬಾ ಇದ್ದಾರೆ. ನೋಡುವ ಮನಸ್ಸಿದ್ದವರಿಗೆ ಈ ಕಥೆಯ ಜಾಗಗಳೆಲ್ಲ ಒಂದು ದಿನದಲ್ಲಿ ನೋಡಿ ಬರುವಷ್ಟು ಹತ್ತಿರ. ರಾಲಿಯ ನಡುವೆ ಹಳೆಯ ಕ್ಯಾಪಿಟಲ್ ಕಟ್ಟಡ, ಅಂದರೆ ಶಾಸನಸಭೆ ಸೇರುತ್ತಿದ್ದ ಕಟ್ಟಡ ಇದೆ, ಒಳಗೆ ಹೋಗಲು ಹಣ ಕೊಡಬೇಕಿಲ್ಲ. ಡರ್ಹಮ್‌ನಲ್ಲಿ ಬೆನೆಟ್ ಪ್ಲೇಸ್ ಇದೆ. 1865ರ ಏಪ್ರಿಲ್ 26ರಂದು ಜನರಲ್ ಜೋಸೆಫ್ ಜಾನ್‌ಸ್ಟನ್ ಜನರಲ್ ಶರ್ಮನ್‌ಗೆ ಶರಣಾದ ರೈತನ ಮನೆ ಅದು. ಹೋಲ್ಡನ್ ಮಲಗಿರೋದು ಓಕ್‌ವುಡ್ ಸ್ಮಶಾನದಲ್ಲಿ. ಹಿಲ್ಸ್‌ಬರೋ ಕೂಡ ದೂರ ಇಲ್ಲ.

ಇಲ್ಲಿ ಇನ್ನೊಂದು ಮುಖ್ಯ ಸಂಗತಿ ಇದೆ. ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಹುಟ್ಟಿದ್ದು ಇದೇ ರಾಲಿಯಲ್ಲಿ, 1808ರಲ್ಲಿ. ಬಡತನದಿಂದ ದರ್ಜಿಯ ಅಂಗಡಿಯಲ್ಲಿ ಕೆಲಸ ಕಲಿಯಲು ಬಿಟ್ಟಿದ್ದರು. ಅಲ್ಲಿಂದ ಓಡಿಹೋಗಿ ಟೆನೆಸಿಯಲ್ಲಿ ದೊಡ್ಡವನಾದ. ಹೋಲ್ಡನ್‌ನಂಥವನನ್ನು ಜಾನ್ಸನ್ ಆರಿಸಿದ್ದಕ್ಕೆ ಇದೂ ಒಂದು ಕಾರಣ ಇರಬೇಕು. ಇಬ್ಬರೂ ಕೈಕೆಲಸ ಕಲಿತು ಮೇಲೆ ಬಂದವರು. ಇಬ್ಬರಿಗೂ ಆ ರಾಜ್ಯದ ಜಮೀನ್ದಾರರ ಮೇಲೆ ಹಳೆಯ ಸಿಟ್ಟಿತ್ತು.

ಪಿಯು ಮೇಷ್ಟ್ರು:

ಆ ನೇಮಕದ ಕಥೆ ಓದಿದವರಿಗೆ ಇದು ಚೆನ್ನಾಗಿ ಗೊತ್ತಾಗುತ್ತದೆ ಮೇಡಂ. ಮೇ ತಿಂಗಳಲ್ಲಿ ವಾಷಿಂಗ್ಟನ್‌ಗೆ ಎರಡು ಗುಂಪು ಹೋಗಿತ್ತು. ಒಂದರಲ್ಲಿ ವಿಶ್ವವಿದ್ಯಾಲಯದ ಅಧ್ಯಕ್ಷ, ಮಾಜಿ ಗವರ್ನರ್ ಡೇವಿಡ್ ಸ್ವೇನ್ ಮತ್ತು ವಕೀಲ ಬಾರ್ತಲೋಮ್ಯೂ ಮೂರ್ ಇದ್ದರು. ಗವರ್ನರ್ ನೇಮಿಸುವ ಹಕ್ಕು ಅಧ್ಯಕ್ಷನಿಗಿಲ್ಲ, ರಾಜ್ಯದ ಶಾಸನಸಭೆಯೇ ಸೇರಲಿ ಅಂತ ಅವರ ವಾದ. ಇನ್ನೊಂದು ಗುಂಪು ಹೋಲ್ಡನ್ ಕಡೆಯದು. ಜಾನ್ಸನ್ ತೋರಿಸಿದ ಘೋಷಣೆಯ ಕರಡಿನಲ್ಲಿ ಹೆಸರಿನ ಜಾಗ ಖಾಲಿ ಇತ್ತು. ಸ್ವೇನ್ ಮತ್ತು ಮೂರ್ ಹೆಸರು ಸೂಚಿಸಲು ಒಪ್ಪಲಿಲ್ಲ. ಉಳಿದವರು ಅಲ್ಲಿ ಹೋಲ್ಡನ್ ಹೆಸರು ತುಂಬಿಸಿದರು.

ಕಾನೂನಿನ ಪ್ರಶ್ನೆಯಲ್ಲಿ ಮೂರ್ ಹೇಳಿದ್ದು ತಪ್ಪಲ್ಲ. ಸಂವಿಧಾನದಲ್ಲಿ ಇಂಥ ಹುದ್ದೆ ಎಲ್ಲೂ ಇಲ್ಲ. ಯುದ್ಧದ ಸೇನಾಧಿಪತಿ ಅನ್ನೋ ಅಧಿಕಾರ, ಪ್ರತಿ ರಾಜ್ಯಕ್ಕೂ ಗಣರಾಜ್ಯ ಸರ್ಕಾರ ಇರುವಂತೆ ನೋಡಿಕೊಳ್ಳುವ ಹೊಣೆ, ಇವೆರಡನ್ನು ಸೇರಿಸಿ ಜಾನ್ಸನ್ ಈ ಹುದ್ದೆ ಹುಟ್ಟುಹಾಕಿದ.

ಶರಾವತಿ ತೀರ:

ಮೇಷ್ಟ್ರಿಗೆ ಧನ್ಯವಾದ. ಈಗ ಆ ಏಳು ತಿಂಗಳಿಗೆ ಬರುತ್ತೇನೆ. ನಾನು ತುಂಬಾ ಹೊತ್ತು ಕೂತು ಓದಿದ್ದು ಇದನ್ನೇ.

ಗವರ್ನರ್ ಅಂದರೆ ನಾವು ಭಾಷಣ, ಮೆರವಣಿಗೆ, ಸೈನ್ಯ ಅಂತ ನೆನೆಸಿಕೊಳ್ಳುತ್ತೇವೆ. ಹೋಲ್ಡನ್‌ನ ದಿನ ಕಳೆದದ್ದು ಕಾಗದದ ರಾಶಿಯಲ್ಲಿ. ಇಡೀ ರಾಜ್ಯದಲ್ಲಿ ಒಬ್ಬ ಅಧಿಕಾರಿಯೂ ಕಾನೂನುಬದ್ಧವಾಗಿ ಉಳಿದಿರಲಿಲ್ಲ. ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ನ್ಯಾಯಪಂಚರಿಂದ ಹಿಡಿದು ಊರಿನ ಆಡಳಿತ ನಡೆಸುವವರವರೆಗೆ ಎಲ್ಲರನ್ನೂ ಹೊಸದಾಗಿ ನೇಮಿಸಬೇಕು. ಸಾವಿರಾರು ನೇಮಕ ಅವು. ರೈಲು ಕಂಪನಿಗಳಲ್ಲಿ ರಾಜ್ಯದ ಪಾಲಿತ್ತು, ಅಲ್ಲಿಗೂ ನಿರ್ದೇಶಕರನ್ನು ಹಾಕಬೇಕು. ಸರ್ಕಾರ ನಡೆಸಲು ಹಣ ಇಲ್ಲ. ಅಲ್ಲಲ್ಲಿ ಉಳಿದಿದ್ದ ರಾಜ್ಯದ ಹತ್ತಿ, ಪೈನ್ ಮರದ ರಾಳ ಇಂಥದ್ದನ್ನು ಹುಡುಕಿಸಿ ಮಾರಿದರು. ಆ ಕೆಲಸ ನೋಡಿಕೊಂಡವನು ಖಜಾಂಚಿ ಜೊನಾಥನ್ ವರ್ತ್. ಈ ಹೆಸರು ನೆನಪಿರಲಿ.

ಇದೆಲ್ಲಕ್ಕಿಂತ ಜಾಸ್ತಿ ಸಮಯ ತಿಂದದ್ದು ಕ್ಷಮಾದಾನದ ಅರ್ಜಿಗಳು. ಜಾನ್ಸನ್ ಮೇ 29ರಂದೇ ಇನ್ನೊಂದು ಘೋಷಣೆ ಹೊರಡಿಸಿದ್ದ. ನಿಷ್ಠೆಯ ಪ್ರಮಾಣ ಮಾಡಿದ ಸಾಮಾನ್ಯ ಜನರಿಗೆಲ್ಲ ಕ್ಷಮೆ. ಆದರೆ 14 ಬಗೆಯ ಜನರಿಗೆ ಅದು ಅನ್ವಯಿಸುವುದಿಲ್ಲ. ಕಾನ್ಫೆಡರೇಟ್ ಸರ್ಕಾರದ ದೊಡ್ಡ ಅಧಿಕಾರಿಗಳು ಅದರಲ್ಲಿದ್ದರು. 20,000 ಡಾಲರ್‌ಗಿಂತ ಹೆಚ್ಚು ಆಸ್ತಿ ಇಟ್ಟುಕೊಂಡು ದಂಗೆಗೆ ಕೈಜೋಡಿಸಿದವರೂ ಇದ್ದರು. ಇವರೆಲ್ಲ ಪ್ರತ್ಯೇಕವಾಗಿ ಅಧ್ಯಕ್ಷನಿಗೆ ಅರ್ಜಿ ಹಾಕಬೇಕು. ಆ ಅರ್ಜಿ ಮೊದಲು ತಾತ್ಕಾಲಿಕ ಗವರ್ನರ್ ಮೇಜಿಗೆ ಬರುತ್ತದೆ. ಅವನು ಶಿಫಾರಸು ಬರೆದು ಮುಂದಕ್ಕೆ ಕಳಿಸುತ್ತಾನೆ, ಇಲ್ಲವೇ ತಡೆದಿಡುತ್ತಾನೆ.

ಏಳು ವರ್ಷದ ಹಿಂದೆ ಇವನಿಗೆ ಟಿಕೆಟ್ ಕೊಡದ ಮನೆತನದವರು, ಇವನ ಹುಟ್ಟಿನ ಬಗ್ಗೆ ಆಡಿಕೊಂಡವರು, ಈಗ ಇವನ ಬಾಗಿಲಲ್ಲಿ ಕಾಯುತ್ತಿದ್ದಾರೆ. ಹೋಲ್ಡನ್ ಬಹುಪಾಲು ಅರ್ಜಿಗಳಿಗೆ ಒಪ್ಪಿಗೆ ಬರೆದ. ಕೆಲವು ರಾಜಕೀಯ ವಿರೋಧಿಗಳದ್ದನ್ನು ತಡೆದಿಟ್ಟ. ಆ ಸಿಟ್ಟು ರಾಜ್ಯದ ತುಂಬಾ ಹರಡಿತು. ಕ್ಷಮೆ ಸಿಕ್ಕವರೂ ಇವನಿಗೆ ಕೃತಜ್ಞರಾಗಲಿಲ್ಲ. ತಮಗಿಂತ ಕೆಳಗಿನವನು ಅಂತ ತಿಳಿದವನ ಮುಂದೆ ಕೈಯೊಡ್ಡಿದ್ದನ್ನು ಅವರು ಹೇಗೆ ಮರೆತಾರು?

ಇನ್ನು ನನ್ನ ಮುಖ್ಯ ಮಾತು. ಹೊಸ ಸಂವಿಧಾನ ಸಭೆಗೆ ಮತ ಹಾಕುವವರು ಯಾರು? 1861ರ ಮೇ 20ಕ್ಕೆ ಮುಂಚೆ ರಾಜ್ಯದ ಕಾನೂನಿನಲ್ಲಿ ಮತದ ಹಕ್ಕಿದ್ದವರು ಅಂತ ಜಾನ್ಸನ್ ಘೋಷಣೆ ಹೇಳಿತು. ಅಂದರೆ ಬಿಳಿಯ ಗಂಡಸರು ಮಾತ್ರ. ನಾರ್ತ್ ಕ್ಯಾರೊಲಿನಾದಲ್ಲಿ 1835ರವರೆಗೆ ಸ್ವತಂತ್ರ ಕಪ್ಪು ಗಂಡಸರಿಗೆ ಮತ ಇತ್ತು! ಆ ನೆನಪು ಇದ್ದ ಜನ 1865ರಲ್ಲಿ ಇನ್ನೂ ಬದುಕಿದ್ದರು. ಆ ಹಕ್ಕನ್ನು ಮರಳಿ ಕೊಡಿ ಅಂತ ಹೋಲ್ಡನ್ ಕೇಳಬಹುದಿತ್ತು. ಅವನು ಕೇಳಲಿಲ್ಲ. ಒಕ್ಕೂಟದ ಗೆಲುವಿಗೆ ಸಂತೋಷಪಟ್ಟ, ತನ್ನ ಸರ್ಕಾರಕ್ಕೆ ಮನಸಾರೆ ಬೆಂಬಲ ಕೊಡಬಹುದಾಗಿದ್ದ ಲಕ್ಷಾಂತರ ಜನರನ್ನು ಹೊರಗಿಟ್ಟು, ತನ್ನನ್ನು ಕಂಡರಾಗದ ಮತದಾರರ ಮುಂದೆ ಹೋಗಿ ನಿಂತ.

ಹಳೇ ಮೈಸೂರು:

ಅಣ್ಣ, ಕಪ್ಪು ಜನ ಆಗ ಏನು ಮಾಡುತ್ತಿದ್ದರು? ಅವರ ಕಡೆಯಿಂದ ಯಾರೂ ಮಾತಾಡಲಿಲ್ವಾ? ನಿಮ್ಮ ಬರಹದಲ್ಲಿ ಗವರ್ನರ್, ಅಧ್ಯಕ್ಷ, ಜಮೀನ್ದಾರರೇ ಕಾಣುತ್ತಾರೆ.

ರಾಲಿ ಕನ್ನಡತಿ:

ಮಾತಾಡಿದರು, ಚೆನ್ನಾಗಿಯೇ ಮಾತಾಡಿದರು. ಬಿಳಿಯರ ಸಂವಿಧಾನ ಸಭೆ ಅಕ್ಟೋಬರ್ 2ಕ್ಕೆ ಸೇರಬೇಕಿತ್ತು. ಅದಕ್ಕೆ ಕೆಲವೇ ದಿನ ಮುಂಚೆ, ಸೆಪ್ಟೆಂಬರ್ 29ರಂದು, ಬಿಡುಗಡೆಯಾದ ಜನರ ಸಮಾವೇಶ ರಾಲಿಯ ಒಂದು ಆಫ್ರಿಕನ್ ಮೆಥಡಿಸ್ಟ್ ಚರ್ಚ್‌ನಲ್ಲಿ ಸೇರಿತು. ನೂರಕ್ಕೂ ಹೆಚ್ಚು ಪ್ರತಿನಿಧಿಗಳು ಬಂದಿದ್ದರು. ಕೆಲವರು ರಾತ್ರಿ ಹೊತ್ತು ಕದ್ದುಮುಚ್ಚಿ ಊರು ಬಿಟ್ಟು ಬಂದವರು. ಅಧ್ಯಕ್ಷತೆ ಜೇಮ್ಸ್ ವಾಕರ್ ಹುಡ್ ಅವರದು. ಅವರು ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದ ಪಾದ್ರಿ.

ಅವರು ಬಿಳಿಯರ ಸಭೆಗೆ ಕಳಿಸಿದ ಮನವಿ ಓದಿದರೆ ಕರುಳು ಕಿವುಚುತ್ತದೆ. ದುಡಿದದ್ದಕ್ಕೆ ಸರಿಯಾದ ಕೂಲಿ ಕೊಡಿ. ಮಕ್ಕಳಿಗೆ ಓದು ಕೊಡಿ. ಗುಲಾಮಗಿರಿಯಲ್ಲಿ ಚದುರಿಹೋದ ಕುಟುಂಬಗಳು ಒಂದಾಗಲು ಬಿಡಿ. ಅನಾಥ ಮಕ್ಕಳನ್ನು ಕಾಪಾಡಿ. ಬಣ್ಣ ನೋಡಿ ಮಾಡಿದ ಕಾನೂನುಗಳನ್ನು ತೆಗೆಯಿರಿ. ಆ ಮನವಿಯಲ್ಲಿ ಮತದ ಹಕ್ಕನ್ನು ಅವರು ಜೋರಾಗಿ ಕೇಳಲೂ ಇಲ್ಲ. ಇಷ್ಟು ಮೆತ್ತಗೆ ಕೇಳಿದ್ದಕ್ಕೂ ಸಿಕ್ಕ ಉತ್ತರ 1866ರ ಕಪ್ಪು ಸಂಹಿತೆ. ಬಿಳಿಯರಿಗೆ ಒಂದು ಕಾನೂನು, ಕಪ್ಪು ಜನರಿಗೆ ಬೇರೆ ಕಾನೂನು ಅಂತ ಬರೆದಿಟ್ಟದ್ದು ಅದು.

ಬಳ್ಳಾರಿ ಬಿಸಿಲು:

ಇದನ್ನು ಓದಿದ ಮೇಲೆ ನನ್ನ ಮಾತು ಇನ್ನೂ ಗಟ್ಟಿ ಆಗುತ್ತದೆ. ಅಷ್ಟು ಹತ್ತಿರದಲ್ಲಿ, ಅದೇ ಊರಲ್ಲಿ ಸಭೆ ನಡೆದಿದೆ. ಗವರ್ನರ್ ಆದವನಿಗೆ ಕೇಳಿಸಿಕೊಳ್ಳುವ ಮನಸ್ಸಿರಲಿಲ್ಲ.

ಪಿಯು ಮೇಷ್ಟ್ರು:

ಉಳಿದ ಆರು ರಾಜ್ಯಗಳನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಮಿಸಿಸಿಪಿಯಲ್ಲಿ ವಿಲಿಯಂ ಶಾರ್ಕಿ ಹಳೆಯ ನ್ಯಾಯಾಧೀಶ. ಅವನು ಬಿಳಿಯರ ಸ್ಥಳೀಯ ಪಡೆ ಕಟ್ಟಲು ಹೊರಟ. ಅಲ್ಲಿನ ಸೇನಾಧಿಕಾರಿ ಜನರಲ್ ಸ್ಲೋಕಮ್ ಬೇಡ ಅಂತ ತಡೆದ. ಜಾನ್ಸನ್ ಶಾರ್ಕಿಯ ಪರ ನಿಂತ. ಅದೇ ಶಾರ್ಕಿಗೆ ಆಗಸ್ಟ್‌ನಲ್ಲಿ ಜಾನ್ಸನ್ ಒಂದು ತಂತಿ ಕಳಿಸಿದ್ದ. ಓದು ಬರಹ ಬಲ್ಲ, ಅಥವಾ 250 ಡಾಲರ್ ಬೆಲೆಯ ಜಮೀನು ಇರುವ ಕಪ್ಪು ಗಂಡಸರಿಗೆ ಮತ ಕೊಟ್ಟರೆ ಉತ್ತರದ ತೀವ್ರವಾದಿಗಳ ಬಾಯಿ ಮುಚ್ಚಿಸಬಹುದು ಅಂತ ಅದರಲ್ಲಿತ್ತು. ಮಿಸಿಸಿಪಿ ಅಷ್ಟನ್ನೂ ಕೊಡಲಿಲ್ಲ. ಗುಲಾಮಗಿರಿ ರದ್ದು ಮಾಡಿದ 13ನೇ ತಿದ್ದುಪಡಿಯನ್ನೂ ಆ ರಾಜ್ಯ ತಿರಸ್ಕರಿಸಿತು. ಅದನ್ನು ಅನುಮೋದಿಸಲು 1995 ಬರಬೇಕಾಯಿತು.

ಸೌತ್ ಕ್ಯಾರೊಲಿನಾದ ಬೆಂಜಮಿನ್ ಪೆರ್ರಿ ಇದು ಬಿಳಿಯರ ಸರ್ಕಾರ ಅಂತ ಬಾಯಿಬಿಟ್ಟೇ ಹೇಳಿದ. ಟೆಕ್ಸಾಸ್‌ನ ಆಂಡ್ರ್ಯೂ ಹ್ಯಾಮಿಲ್ಟನ್ ಮಾತ್ರ ಬೇರೆ ಥರ. ಯುದ್ಧದ ಕಾಲದಲ್ಲಿ ಪ್ರಾಣ ಉಳಿಸಿಕೊಳ್ಳಲು ರಾಜ್ಯ ಬಿಟ್ಟು ಓಡಿದ್ದ ಒಕ್ಕೂಟವಾದಿ ಅವನು. ಬಿಡುಗಡೆಯಾದ ಜನರಿಗೆ ನ್ಯಾಯ ಸಿಗಬೇಕು ಅಂತ ಕೊನೆತನಕ ಹೇಳಿದ. ಸಂವಿಧಾನ ಸಭೆ ಕರೆಯಲು ಅವಸರ ಮಾಡಲಿಲ್ಲ, ಅದು ಸೇರಿದ್ದು 1866ರ ಫೆಬ್ರುವರಿಯಲ್ಲಿ. ಅವನ ಮಾತನ್ನೂ ಆ ಸಭೆ ಕೇಳಲಿಲ್ಲ. ಹೋಲ್ಡನ್ ಒಬ್ಬನ ಮೇಲೆ ಎಲ್ಲ ಹೊರಿಸಬೇಡಿ. ಆ ಹುದ್ದೆಯನ್ನು ರೂಪಿಸಿದ ರೀತಿಯಲ್ಲೇ ದೋಷ ಇತ್ತು.

ಶರಾವತಿ ತೀರ:

ಹುದ್ದೆಯಲ್ಲಿ ದೋಷ ಇತ್ತು, ಒಪ್ಪುತ್ತೇನೆ. ಅದರ ಫಲ ಬೇಗ ಬಂತು. ಅಕ್ಟೋಬರ್ ಸಭೆ ಒಕ್ಕೂಟ ಬಿಟ್ಟ ನಿರ್ಣಯವನ್ನು ರದ್ದು ಮಾಡಿತು, ಗುಲಾಮಗಿರಿಯನ್ನೂ ರದ್ದು ಮಾಡಿತು. ಯುದ್ಧದ ಸಾಲದ ವಿಷಯಕ್ಕೆ ಬಂದಾಗ ಹಿಂದೆಮುಂದೆ ನೋಡಿತು. ಒಂದು ಡಾಲರ್ ಕೂಡ ತೀರಿಸುವಂತಿಲ್ಲ ಅಂತ ಜಾನ್ಸನ್‌ನಿಂದ ತಂತಿ ಬಂದ ಮೇಲೆಯೇ ಸಾಲ ಕೈಬಿಟ್ಟದ್ದು. ಸಾಲಪತ್ರ ಇಟ್ಟುಕೊಂಡಿದ್ದ ಸಾಹುಕಾರರ ಹಣ ಮುಳುಗಿತು. ಬೈಗುಳ ಯಾರ ಮೇಲೆ ಬಂತು? ಹೋಲ್ಡನ್ ಮೇಲೆ.

ನವೆಂಬರ್ 9ಕ್ಕೆ ಚುನಾವಣೆ. ಅವನ ಎದುರಿಗೆ ನಿಂತವನು ಅದೇ ಜೊನಾಥನ್ ವರ್ತ್, ಇವನ ಕೈಕೆಳಗಿನ ಖಜಾಂಚಿ. ಆರು ಸಾವಿರಕ್ಕೂ ಜಾಸ್ತಿ ಮತಗಳಿಂದ ವರ್ತ್ ಗೆದ್ದ. ಡಿಸೆಂಬರ್ ಕೊನೆಗೆ ಹೋಲ್ಡನ್ ಕುರ್ಚಿ ಬಿಟ್ಟ. ಸಮಾಧಾನಕ್ಕೆ ಸಾಲ್ವಡಾರ್‌ಗೆ ರಾಯಭಾರಿ ಮಾಡುತ್ತೇನೆ ಅಂತ ಜಾನ್ಸನ್ ಹೆಸರು ಕಳಿಸಿದ. ಸೆನೆಟ್ ಅದನ್ನೂ ಒಪ್ಪಲಿಲ್ಲ.

ಇದಾದ ಮೇಲಿನ ಹೋಲ್ಡನ್ ಬೇರೆ. 1867ರಲ್ಲಿ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಕಾನೂನು ತಂದು ಕಪ್ಪು ಗಂಡಸರಿಗೆ ಮತ ಕೊಟ್ಟಿತು. ಅದೇ ಮಾರ್ಚ್‌ನಲ್ಲಿ ಬಿಳಿಯರು ಕಪ್ಪು ಜನ ಒಟ್ಟಿಗೆ ಕೂತು ರಾಲಿಯಲ್ಲಿ ರಿಪಬ್ಲಿಕನ್ ಪಕ್ಷ ಕಟ್ಟಿದರು. ಮುಂದೆ ನಿಂತವನು ಹೋಲ್ಡನ್. 1868ರ ಏಪ್ರಿಲ್‌ನಲ್ಲಿ ಜನರೇ ಅವನನ್ನು ಗವರ್ನರ್ ಆಗಿ ಆರಿಸಿದರು. ಅದೇ ವರ್ಷದ ಸಂವಿಧಾನ ಎಲ್ಲ ಮಕ್ಕಳಿಗೂ ಉಚಿತ ಸರ್ಕಾರಿ ಶಾಲೆ ಅಂತ ಬರೆಯಿತು, ಹುದ್ದೆಗೆ ನಿಲ್ಲಲು ಆಸ್ತಿ ಇರಬೇಕು ಅನ್ನೋದನ್ನು ತೆಗೆಯಿತು. ಬಳ್ಳಾರಿ ಸರ್ ಇದನ್ನೂ ಅವಕಾಶವಾದ ಅನ್ನಬಹುದು. ಆದರೆ 1865ರಲ್ಲಿ ಯಾರನ್ನು ಹೊರಗಿಟ್ಟನೋ ಅವರ ಜೊತೆ ನಿಂತು, ಅದಕ್ಕೆ ಪೂರ್ತಿ ಬೆಲೆ ಕೊಟ್ಟ.

ಹಳೇ ಮೈಸೂರು:

ರೈಲು ಬಾಂಡ್ ಹಗರಣದ ಬಗ್ಗೆ ಏನೂ ಹೇಳಲಿಲ್ಲ. ಅದು ಇವನ ಕಾಲದ್ದೇ ಅಲ್ವಾ?

ಶರಾವತಿ ತೀರ:

ಇವನ ಕಾಲದ್ದೇ. ಮಿಲ್ಟನ್ ಲಿಟಲ್‌ಫೀಲ್ಡ್ ಮತ್ತು ಜಾರ್ಜ್ ಸ್ವೆಪ್ಸನ್ ಅನ್ನೋ ಇಬ್ಬರು ಶಾಸಕರಿಗೆ ಲಂಚ ತಿನ್ನಿಸಿ ರಾಜ್ಯದ ಬಾಂಡ್‌ಗಳನ್ನು ನುಂಗಿದರು. ತಡೆಯಬೇಕಾದವನು ತಡೆಯಲಿಲ್ಲ. ಆ ಹೊಣೆ ಹೋಲ್ಡನ್ ಮೇಲೆ ಇದೆ. ಆದರೆ ಅವನನ್ನು ಕೆಳಗಿಳಿಸಿದ ಆರೋಪಪಟ್ಟಿಯಲ್ಲಿ ಮುಖ್ಯವಾಗಿ ಇದ್ದದ್ದು ಈ ಹಗರಣ ಅಲ್ಲ, ಕು ಕ್ಲುಕ್ಸ್ ಕ್ಲಾನ್ ಅನ್ನೋ, ಕಪ್ಪು ಜನರನ್ನು ಬೆದರಿಸಿ ಕೊಲ್ಲುತ್ತಿದ್ದ ಬಿಳಿಯರ ಗುಪ್ತ ಸಂಘದ ವಿರುದ್ಧ ಅವನು ಸೈನ್ಯ ಕಳಿಸಿದ ವಿಷಯ.

ರಾಲಿ ಕನ್ನಡತಿ:

ಆ ಭಾಗ ನಾನು ಬರೆಯುತ್ತೇನೆ. ಅಲಮಾನ್ಸ್ ಕೌಂಟಿಯ ಗ್ರಹಾಂ ಊರು ಇಲ್ಲಿಂದ ಒಂದು ಗಂಟೆಯ ದಾರಿ.

ವಯಟ್ ಔಟ್‌ಲಾ ಅಲ್ಲಿನ ಬಡಗಿ. ಕಪ್ಪು ಜನರ ಮುಖಂಡ, ಊರ ಆಡಳಿತ ಮಂಡಳಿಯ ಸದಸ್ಯ, ಕಾನ್‌ಸ್ಟೇಬಲ್ ಕೂಡ ಆಗಿದ್ದರು. 1870ರ ಫೆಬ್ರುವರಿ 26ರ ರಾತ್ರಿ ಮುಸುಕು ಹಾಕಿದ ದೊಡ್ಡ ಗುಂಪು ಮನೆಗೆ ನುಗ್ಗಿ ಅವರನ್ನು ಎಳೆದೊಯ್ದಿತು. ಕೋರ್ಟ್ ಕಟ್ಟಡದ ಮುಂದಿನ ಚೌಕದಲ್ಲಿ ಮರಕ್ಕೆ ನೇಣು ಹಾಕಿದರು. ಮೇ 21ರಂದು ಕ್ಯಾಸ್ವೆಲ್ ಕೌಂಟಿಯ ಯಾನ್ಸಿವಿಲ್‌ನಲ್ಲಿ ರಾಜ್ಯ ಸೆನೆಟರ್ ಜಾನ್ ಸ್ಟೀವನ್ಸ್ ಅವರನ್ನು ಹಾಡಹಗಲೇ, ಕೋರ್ಟ್ ಕಟ್ಟಡದ ಒಳಗೇ ಕೊಂದರು. ಅದೇ ಕಟ್ಟಡದಲ್ಲಿ ಆ ಹೊತ್ತಿಗೆ ಎದುರು ಪಕ್ಷದ ಸಭೆ ನಡೆಯುತ್ತಿತ್ತು. ಕೊಂದವರು ಯಾರು ಅನ್ನೋದು ಹೊರಬಂದದ್ದು 1935ರಲ್ಲಿ. ಕೊಲೆಯಲ್ಲಿದ್ದ ಜಾನ್ ಲೀ ಬರೆಸಿಟ್ಟಿದ್ದ ತಪ್ಪೊಪ್ಪಿಗೆಯನ್ನು ಅವನು ಸತ್ತ ಮೇಲೆ ತೆರೆದರು.

ಊರಿನ ಶೆರಿಫ್, ಪಂಚರು, ತೀರ್ಪುಗಾರರು, ಇವರಲ್ಲೇ ಕ್ಲಾನ್ ಸದಸ್ಯರಿದ್ದರು. ದೂರು ಕೊಡುವುದು ಯಾರಿಗೆ?

ಹುಬ್ಬಳ್ಳಿ ವಕೀಲ:

ಇಲ್ಲಿಯವರೆಗೆ ಓದುತ್ತಾ ಬಂದೆ. ಕಾನೂನಿನ ಕಡೆಯಿಂದ ನನ್ನ ಮಾತು.

1870ರ ಜನವರಿಯಲ್ಲಿ ಶಾಸನಸಭೆ ಶೋಫ್ನರ್ ಕಾಯ್ದೆ ಮಾಡಿತ್ತು. ಒಂದು ಕೌಂಟಿಯಲ್ಲಿ ದಂಗೆ ಇದೆ ಅಂತ ಘೋಷಿಸುವ ಅಧಿಕಾರವನ್ನು ಅದು ಗವರ್ನರ್‌ಗೆ ಕೊಟ್ಟಿತು. ಹೋಲ್ಡನ್ ಮಾರ್ಚ್‌ನಲ್ಲಿ ಅಲಮಾನ್ಸ್, ಜುಲೈನಲ್ಲಿ ಕ್ಯಾಸ್ವೆಲ್ ಬಗ್ಗೆ ಹಾಗೆ ಘೋಷಿಸಿದ. ಯುದ್ಧದಲ್ಲಿ ಒಕ್ಕೂಟದ ಪರ ಹೋರಾಡಿದ್ದ ಕರ್ನಲ್ ಜಾರ್ಜ್ ಕರ್ಕ್ ಕೈಯಲ್ಲಿ ಪಡೆ ಕೊಟ್ಟು ಕಳಿಸಿದ. ಸುಮಾರು ನೂರು ಜನರನ್ನು ಹಿಡಿದರು. ಇಡೀ ಕಾರ್ಯಾಚರಣೆಯಲ್ಲಿ ಒಬ್ಬರೂ ಸಾಯಲಿಲ್ಲ, ಅದನ್ನು ಮೆಚ್ಚುತ್ತೇನೆ. ಆದರೆ ಬಂಧಿತರ ಕುತ್ತಿಗೆಗೆ ಹಗ್ಗ ಬಿಗಿದು ಬಾಯಿ ಬಿಡಿಸಿದರು ಅಂತ ಸಾಕ್ಷ್ಯ ಬಂತು. ಹೇಬಿಯಸ್ ಕಾರ್ಪಸ್ ಅರ್ಜಿ ಬಂದಾಗ ಮುಖ್ಯ ನ್ಯಾಯಮೂರ್ತಿ ರಿಚ್ಮಂಡ್ ಪಿಯರ್ಸನ್ ಬಂಧಿತರನ್ನು ಹಾಜರುಪಡಿಸಿ ಅಂದರು. ಹೋಲ್ಡನ್ ಆಗುವುದಿಲ್ಲ ಅಂದ. ನ್ಯಾಯಾಂಗದ ಕೈಯಲ್ಲಿ ಇನ್ನೇನೂ ಉಳಿದಿಲ್ಲ ಅಂತ ಪಿಯರ್ಸನ್ ಸುಮ್ಮನಾದರು. ಕೊನೆಗೆ ಕೇಂದ್ರದ ನ್ಯಾಯಾಧೀಶ ಜಾರ್ಜ್ ಬ್ರೂಕ್ಸ್ 14ನೇ ತಿದ್ದುಪಡಿಯ ಆಧಾರದಲ್ಲಿ ಅವರನ್ನು ಹೊರಗೆ ತಂದರು. ಆ ತಿದ್ದುಪಡಿಯ ಮೂಲ ಉದ್ದೇಶ ಬಿಡುಗಡೆಯಾದ ಜನರನ್ನು ಕಾಪಾಡುವುದು. ಇಲ್ಲಿ ಅದು ಕೆಲಸಕ್ಕೆ ಬಂದದ್ದು ಕ್ಲಾನ್‌ನವರಿಗೆ. ಇದರಿಂದ ನನಗೂ ನೋವಾಗುತ್ತದೆ.

ಆದರೂ ವಕೀಲನಾಗಿ ಹೇಳುತ್ತೇನೆ, ಕೋರ್ಟಿನ ಆದೇಶವನ್ನು ಗವರ್ನರ್ ಮೀರಬಾರದು. ಎದುರಾಳಿ ಪತ್ರಿಕೆಯ ಸಂಪಾದಕ ಜೊಸಾಯಾ ಟರ್ನರ್‌ನನ್ನು ದಂಗೆ ಘೋಷಿಸದ ಕೌಂಟಿಯಿಂದ ಹಿಡಿದು ತಂದರು. ಇದಕ್ಕೆ ಯಾವ ಸಮರ್ಥನೆಯೂ ಇಲ್ಲ. ತಾನೇ ಪತ್ರಕರ್ತನಾಗಿದ್ದು, ತನ್ನ ಅಚ್ಚುಕೂಟದ ಮೇಲೆ ಸೈನಿಕರು ನುಗ್ಗಿದ್ದನ್ನು ಕಂಡವನು ಹೀಗೆ ಮಾಡಬಾರದಿತ್ತು.

ಶರಾವತಿ ತೀರ:

ಟರ್ನರ್ ಬಂಧನದ ವಿಷಯದಲ್ಲಿ ನಿಮ್ಮ ಮಾತಿಗೆ ನನ್ನಲ್ಲಿ ಎದುರುತ್ತರ ಇಲ್ಲ ಸರ್. ಆದರೆ ತೀರ್ಪನ್ನು ಸ್ವಲ್ಪ ಬಿಡಿಸಿ ನೋಡಿ. ಆಗಸ್ಟ್ ಚುನಾವಣೆಯಲ್ಲಿ ಹೋಲ್ಡನ್‌ನ ಎದುರಾಳಿಗಳ ಕನ್ಸರ್ವೇಟಿವ್ ಪಕ್ಷ ಶಾಸನಸಭೆ ಗೆದ್ದಿತು. ಡಿಸೆಂಬರ್‌ನಲ್ಲಿ ವಾಗ್ದಂಡನೆಗೆ ಎಂಟು ಆರೋಪ ಹೊರಿಸಿದರು. 1871ರ ಮಾರ್ಚ್ 22ರಂದು ರಾಜ್ಯದ ಸೆನೆಟ್ ಆರರಲ್ಲಿ ತಪ್ಪಿತಸ್ಥ ಅಂದಿತು. ಎರಡು ಕೌಂಟಿಗಳಲ್ಲಿ ದಂಗೆ ಘೋಷಿಸಿದ ಮೊದಲೆರಡು ಆರೋಪದಲ್ಲಿ ಅವನು ಖುಲಾಸೆ. ದಂಗೆ ಇತ್ತು ಅನ್ನೋದನ್ನು ಆ ಸೆನೆಟ್ ಕೂಡ ಸುಳ್ಳು ಅನ್ನಲು ಆಗಲಿಲ್ಲ. ಆದರೂ ಅವನನ್ನು ಇಳಿಸಿತು, ಮತ್ತೆ ಯಾವ ಹುದ್ದೆಗೂ ರಾಜ್ಯದಲ್ಲಿ ಬರುವಂತಿಲ್ಲ ಅಂತ ಕಟ್ಟಿಹಾಕಿತು. ವಾಗ್ದಂಡನೆಯಿಂದ ಹುದ್ದೆ ಕಳೆದುಕೊಂಡ ಅಮೆರಿಕದ ಮೊದಲ ಗವರ್ನರ್ ಇವನು.

ಅದೇ ವರ್ಷ ಔಟ್‌ಲಾ ಕೊಲೆಗೆ 18 ಜನರ ಮೇಲೆ ಆರೋಪ ಹೊರಿಸಲಾಗಿತ್ತು. ಆ ಕೋರ್ಟಿನ ನ್ಯಾಯಾಧೀಶ ಆಲ್ಬಿಯನ್ ಟೂರ್ಜಿ. ವಿಚಾರಣೆ ನಡೆಯಲೇ ಇಲ್ಲ. 1873ರಲ್ಲಿ ಶಾಸನಸಭೆ ಕ್ಲಾನ್‌ನಂಥ ಗುಪ್ತ ಸಂಘಗಳ ಸದಸ್ಯರಿಗೆ ಸಾಮೂಹಿಕ ಕ್ಷಮೆ ಕೊಟ್ಟಿತು. ಮರುವರ್ಷ ಅದನ್ನು ಇನ್ನೂ ಹಿಗ್ಗಿಸಿತು. ಕೋರ್ಟಿನ ಗೌರವದ ಬಗ್ಗೆ ಆ ಸಭೆಗೆ ಅಷ್ಟು ಕಾಳಜಿ ಇದ್ದಿದ್ದರೆ ಈ 18 ಜನರನ್ನು ಕೋರ್ಟಿಗೆ ಬಿಡಬೇಕಿತ್ತು.

ಹುಬ್ಬಳ್ಳಿ ವಕೀಲ:

ಆ ಕ್ಷಮೆ ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಹೋಲ್ಡನ್ ಮಾಡಿದ್ದು ಕಾನೂನು ಮೀರಿದ್ದು ಅನ್ನೋದೂ ಹಾಗೇ ಉಳಿಯುತ್ತದೆ.

ಪಿಯು ಮೇಷ್ಟ್ರು:

ಅವನ ಕೊನೆಯ ವರ್ಷಗಳನ್ನೂ ಹೇಳಬೇಕು. ವಾಷಿಂಗ್ಟನ್‌ಗೆ ಹೋಗಿ ಸ್ವಲ್ಪ ಕಾಲ ಪತ್ರಿಕೆಯಲ್ಲಿ ಕೆಲಸ ಮಾಡಿದ. ಆದರೆ ಮನಸ್ಸು ರಾಲಿಯಲ್ಲೇ ಇತ್ತು. 1873ರಲ್ಲಿ ಅಧ್ಯಕ್ಷ ಗ್ರಾಂಟ್ ಅವನನ್ನು ರಾಲಿಯ ಪೋಸ್ಟ್‌ಮಾಸ್ಟರ್ ಮಾಡಿದ. ರಾಜ್ಯದ ಹುದ್ದೆಗೆ ಬಾಗಿಲು ಮುಚ್ಚಿತ್ತು, ಅಂಚೆ ಕಚೇರಿ ಕೇಂದ್ರದ್ದು. ತನ್ನನ್ನು ಇಳಿಸಿದ ಊರಿನಲ್ಲೇ 1881ರವರೆಗೆ ಆ ಕೆಲಸ ಮಾಡಿದ. 1892ರ ಮಾರ್ಚ್‌ನಲ್ಲಿ ತೀರಿಕೊಂಡ. ತೀರ್ಪು ರದ್ದಾಗಲಿ ಅಂತ ಗೆಳೆಯರು ಪ್ರಯತ್ನಿಸಿದ್ದರು, ಅವನು ಬದುಕಿರುವಾಗ ಆಗಲಿಲ್ಲ. ಅವನನ್ನು ಸೋಲಿಸಿದ ವ್ಯಾನ್ಸ್ ಮಾತ್ರ 1876ರಲ್ಲಿ ಮತ್ತೆ ಗವರ್ನರ್ ಆಗಿ ಆರಿಸಿ ಬಂದ, ಆಮೇಲೆ ಸೆನೆಟರ್ ಆದ. ವಾಷಿಂಗ್ಟನ್‌ನ ಕ್ಯಾಪಿಟಲ್‌ನಲ್ಲಿ ಆ ರಾಜ್ಯದ ಪರವಾಗಿ ವ್ಯಾನ್ಸ್ ಪ್ರತಿಮೆ ಇದೆ.

ರಾಲಿ ಕನ್ನಡತಿ:

ಕ್ಷಮೆ ಸಿಕ್ಕಿದ್ದು 2011ರ ಏಪ್ರಿಲ್ 12ರಂದು. ಅವತ್ತಿಗೆ ಅಂತರ್ಯುದ್ಧ ಶುರುವಾಗಿ ಸರಿಯಾಗಿ 150 ವರ್ಷ. ರಾಜ್ಯ ಸೆನೆಟ್ ಹಳೆಯ ಕ್ಯಾಪಿಟಲ್‌ನಲ್ಲೇ ಸೇರಿತು. ಪರವಾಗಿ 48 ಮತ, ವಿರೋಧ ಒಂದೂ ಇಲ್ಲ. ಅದಕ್ಕೂ ಮುಂಚೆ ಅವನನ್ನು ಹೀಗಳೆಯುವ ಕರಪತ್ರ ಸದಸ್ಯರ ಮೇಜಿನ ಮೇಲೆ ಬಂದು, ನಿರ್ಣಯ ಮುಂದಕ್ಕೆ ಹೋಗಿತ್ತು. 140 ವರ್ಷ ಆದರೂ ಆ ಸಿಟ್ಟು ಆರಿರಲಿಲ್ಲ.

ಬಳ್ಳಾರಿ ಬಿಸಿಲು:

ಹೋಲ್ಡನ್ 1870ರಲ್ಲಿ ತೋರಿಸಿದ ಧೈರ್ಯವನ್ನು ನಾನು ಗೌರವಿಸುತ್ತೇನೆ. 1865ರ ಹೋಲ್ಡನ್‌ನನ್ನು ಕ್ಷಮಿಸಲು ಮಾತ್ರ ನನ್ನಿಂದ ಆಗುವುದಿಲ್ಲ. ಇರಲಿ, ನನಗೆ ಈಗ ಜೇಮ್ಸ್ ಹುಡ್ ಬಗ್ಗೆ ತಿಳಿಯಬೇಕು. ಆ ಚರ್ಚ್ ಸಭೆಯ ಅಧ್ಯಕ್ಷರು ಆಮೇಲೆ ಏನಾದರು?

ರಾಲಿ ಕನ್ನಡತಿ:

1868ರ ಸಂವಿಧಾನ ಸಭೆಗೆ ಆರಿಸಿ ಬಂದರು. ಹೋಲ್ಡನ್ ಸರ್ಕಾರದ ಕಾಲದಲ್ಲಿ ರಾಜ್ಯದ ಶಿಕ್ಷಣ ಇಲಾಖೆಯಲ್ಲಿ ಸಹಾಯಕ ಅಧೀಕ್ಷಕರಾಗಿ ಕಪ್ಪು ಮಕ್ಕಳ ಶಾಲೆಗಳನ್ನು ಕಟ್ಟಿದರು. ಆಮೇಲೆ ಬಿಷಪ್ ಆದರು. ಸಾಲಿಸ್‌ಬರಿಯ ಲಿವಿಂಗ್‌ಸ್ಟನ್ ಕಾಲೇಜಿನ ಹುಟ್ಟಿನಲ್ಲಿ ಅವರ ಕೈ ಇದೆ, ಅದು ಈಗಲೂ ನಡೆಯುತ್ತಿದೆ. ಅವರ ಬಗ್ಗೆ ಬೇರೆಯೇ ಚರ್ಚೆ ಶುರು ಮಾಡಿ ಸರ್, ನನ್ನ ಹತ್ತಿರ ಇರುವ ಮಾಹಿತಿಯನ್ನೆಲ್ಲ ಅಲ್ಲಿ ಹಾಕುತ್ತೇನೆ.